ಮನೆಯಲ್ಲಿ ಕಟ್ಟುವ ವಿಮಾನಕ್ಕೊಂದು ಉಪಕರಣ ಫಲಕ

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಗಳಿಗೆ ನಿಂತರೆ ಸಾಕು, ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಯ ಕಡೆಗೆ ಸಾಗುವ ಟ್ರ್ಯಾಕ್ಟರುಗಳ ಸಾಲನ್ನು ಕಾಣಬಹುದು. ಅವುಗಳಲ್ಲೊಂದರ ಚಾಲಕನನ್ನು ಗಮನಿಸೋಣ. ಅವನ ದೃಷ್ಟಿ ರಸ್ತೆಯ ಮೇಲಿದೆ. ಎದುರಿಗೆ, ಚುಕ್ಕಾಣಿಯ ಆಚೆಗೆ, ನಾಲ್ಕೈದು ಮಾಪಕಗಳಿವೆ. ಎಂಜಿನಿನ ಸುತ್ತುಗಳನ್ನು ಎಣಿಸುವುದೊಂದು, ನೀರಿನ ಕಾವನ್ನು ತೋರಿಸುವುದೊಂದು, ಎಣ್ಣೆಯ ಒತ್ತಡದ್ದೊಂದು, ಡೀಸೆಲಿನದೊಂದು. ಅವನು ಅವುಗಳನ್ನು ಓದುತ್ತ ಕುಳಿತಿಲ್ಲ. ಆಗೊಮ್ಮೆ ಈಗೊಮ್ಮೆ ಕಣ್ಣು ಹಾಯಿಸುತ್ತಾನೆ, ಅಷ್ಟೆ. ನೀರು ಅತಿಯಾಗಿ ಕಾದಿತೆಂದು ಮುಳ್ಳು ಹೇಳಿದರೆ ಬೇವಿನ ಮರದ ನೆರಳಿಗೆ ಗಾಡಿಯನ್ನು ಸರಿಸಿ ನಿಲ್ಲಿಸುತ್ತಾನೆ.

ರಬಕವಿ-ಬನಹಟ್ಟಿಯ ವಿದ್ಯುನ್ಮಗ್ಗಗಳಲ್ಲಿ ಈ ಸೌಕರ್ಯ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿದೆ. ಹೊಕ್ಕಿನ ನೂಲು ಹರಿಯಿತೆಂದರೆ, ಅದನ್ನು ಸದಾ ತಡವಿ ನೋಡುತ್ತಿರುವ ಒಂದು ಸಣ್ಣ ಕವಲುಗಡ್ಡಿ ಮಗ್ಗವನ್ನೇ ನಿಲ್ಲಿಸಿಬಿಡುತ್ತದೆ. ನೇಕಾರನು ಬಂದು ನೂಲನ್ನು ಜೋಡಿಸಿದ ಮೇಲೆಯೇ ಮಗ್ಗ ಮತ್ತೆ ನಡೆಯುವುದು. ನೆಲದ ಮೇಲಿನ ಯಂತ್ರಗಳಿಗೆ ಇರುವ ಭಾಗ್ಯ ಇದು: ಸಂದೇಹ ಬಂದರೆ ನಿಲ್ಲಬಹುದು. ಹಾರುತ್ತಿರುವ ವಿಮಾನಕ್ಕೆ ಆ ಭಾಗ್ಯವಿಲ್ಲ. ಅದು ಮುಂದಕ್ಕೆ ಹೋಗುತ್ತಿರುವಾಗಲೇ ಅದರ ಚಾಲಕನು ನೋಡಬೇಕು, ತಿಳಿಯಬೇಕು, ಕೈಚಾಚಬೇಕು. ಆದ್ದರಿಂದ ಅವನ ಎದುರಿಗಿರುವ ಹಲಗೆಯಲ್ಲಿ ಯಾವ ಮಾಪಕವು ಎಲ್ಲಿದೆ, ಯಾವ ಹಿಡಿಕೆಯು ಎಲ್ಲಿದೆ ಎಂಬುದು ಅಲಂಕಾರದ ವಿಷಯವಲ್ಲ. ಕೆಲವು ವೇಳೆ ಅದು ಪ್ರಾಣದ ವಿಷಯವೇ ಆಗಿದೆ.

ತಮ್ಮ ವಿಮಾನವನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳು ಪ್ರಪಂಚದಲ್ಲಿ ಸಾವಿರಾರು ಮಂದಿ ಇದ್ದಾರೆ. ರೆಕ್ಕೆಯ ಆಕಾರ, ಎಂಜಿನಿನ ಶಕ್ತಿ, ತೂಕದ ಸಮತೋಲ ಇವೆಲ್ಲವನ್ನೂ ಅವರು ವಿನ್ಯಾಸಕಾರನ ನಕ್ಷೆಗಳಿಂದ ಪಡೆಯುತ್ತಾರೆ. ಆದರೆ ಉಪಕರಣ ಫಲಕದ ಬಳಿಗೆ ಬಂದಾಗ ನಕ್ಷೆ ಹಲವು ವೇಳೆ ಮೌನವಾಗುತ್ತದೆ. ಇಲ್ಲವೆ ‘ನಿಮ್ಮ ಇಷ್ಟದಂತೆ’ ಎಂದುಬಿಡುತ್ತದೆ. ಕಟ್ಟುವವನಿಗೆ ಮೊದಲ ಸಲ ಪೂರ್ಣ ಸ್ವಾತಂತ್ರ್ಯ ಸಿಕ್ಕುವುದು ಇಲ್ಲಿಯೇ. ಅಪಾಯವಿರುವುದೂ ಇಲ್ಲಿಯೇ.

ಸಣ್ಣ ವಿಮಾನಗಳಿಗೂ ನಮ್ಮ ನಾಡಿಗೂ ನಂಟು ಹೊಸದಲ್ಲ. ೧೯೫೮ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ‘ಪುಷ್ಪಕ’ ಮೊದಲ ಬಾರಿಗೆ ಹಾರಿತು. ಅಕ್ಕಪಕ್ಕದಲ್ಲಿ ಇಬ್ಬರು ಕೂರುವ, ೯೦ ಅಶ್ವಶಕ್ತಿಯ ಎಂಜಿನಿನ ಆ ವಿಮಾನವನ್ನು ದೇಶದ ಹಾರಾಟದ ಕ್ಲಬ್ಬುಗಳು ಬಹುಕಾಲ ಬಳಸಿದುವು. ಅದರ ಮೈಗೆ ಹೊದಿಸಿದ್ದುದು ಲೋಹದ ತಗಡನ್ನಲ್ಲ, ಬಟ್ಟೆಯನ್ನು. ಬಿಗಿಯಾಗಿ ಹೊದಿಸಿ ಮೇಲೆ ವಿಶೇಷ ಅರಗನ್ನು ಬಳಿದರೆ ಅದು ಒಣಗುತ್ತ ತಮಟೆಯ ಚರ್ಮದಂತೆ ಸೆಟೆದುಕೊಳ್ಳುತ್ತದೆ. ಬನಹಟ್ಟಿಯ ನೇಕಾರರಿಗೆ ಈ ಸಂಗತಿ ಸಂತೋಷವನ್ನು ಕೊಡಬಹುದು.

ನಮ್ಮ ಇಂದಿನ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ೧೯೮೭ರಲ್ಲಿ ಹಾರಿದ ಮತ್ತೊಂದು ವಿಮಾನ. ಎನ್.ಎ.ಎಲ್. ಎಂದು ಹೆಸರಾದ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಅಮೆರಿಕದ ಬರ್ಟ್ ರುಟಾನ್ ಎಂಬ ವಿನ್ಯಾಸಕಾರನು ಹವ್ಯಾಸಿಗಳಿಗಾಗಿ ರಚಿಸಿದ್ದ ‘ಲಾಂಗ್-ಈಜಿ’ ಎಂಬ ವಿಮಾನದ ನಕ್ಷೆಯನ್ನು ಆಧಾರವಾಗಿಟ್ಟುಕೊಂಡು ಒಂದು ಪ್ರಾಯೋಗಿಕ ವಿಮಾನವನ್ನು ಕಟ್ಟಿದರು. ಅದನ್ನು ಎಲ್.ಸಿ.ಆರ್.ಎ. ಎಂದು ಕರೆದರು. ಗಾಜಿನ ನಾರು, ರಾಳ, ನೊರೆಹಲಗೆ ಇವುಗಳಿಂದ ಮೈ. ಮೂತಿಯ ಬಳಿ ಪುಟ್ಟ ರೆಕ್ಕೆ, ಹಿಂದೆ ದೊಡ್ಡ ರೆಕ್ಕೆ. ತಳ್ಳುವ ಪ್ರೊಪೆಲ್ಲರು ಬೆನ್ನ ಹಿಂದೆ. ಹವ್ಯಾಸಿಯೊಬ್ಬನು ತನ್ನ ಮನೆಯ ಕೊಟ್ಟಿಗೆಯಲ್ಲಿ ಕಟ್ಟಬಹುದಾದ ವಿಮಾನದಿಂದಲೇ ನಮ್ಮ ವಿಜ್ಞಾನಿಗಳು ನಾರು-ರಾಳದ ವಿಮಾನಗಳ ಪಾಠವನ್ನು ಕಲಿತು ‘ಹಂಸ’ಕ್ಕೆ ಕೈಹಾಕಿದರು. ಲಾಂಗ್-ಈಜಿ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಅದರ ಬಳಿಗೆ ಮತ್ತೆ ಬರಬೇಕಾಗಿದೆ.

ಈಗ ನಾವೇ ಒಂದು ಫಲಕವನ್ನು ಯೋಜಿಸೋಣ. ವಿಮಾನ ಸಣ್ಣದು, ಫಲಕದ ಅಗಲ ೬೦ ಸೆಂಟಿಮೀಟರು, ಎತ್ತರ ೨೫ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಆದರೆ ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ವಿಮಾನದಲ್ಲಿ ಎಲ್ಲಿಗೆ, ಎಂಥ ಹವೆಯಲ್ಲಿ ಹೋಗುವುದು?

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಮೇಲೆದ್ದು ಈಶಾನ್ಯಕ್ಕೆ ಹೊರಟೆವೆಂದು ಭಾವಿಸೋಣ. ಗೋಕಾಕವು ಎಡಕ್ಕೆ ಸರಿಯುತ್ತದೆ. ಮುಂದೆ ಬಲಗಡೆ ಘಟಪ್ರಭೆಯ ದಂಡೆಯ ಮುಧೋಳ, ಎಡಗಡೆ ರಬಕವಿ-ಬನಹಟ್ಟಿ, ನೇರ ಎದುರಿಗೆ ಜಮಖಂಡಿ. ಅಲ್ಲಿಂದ ಬಲಕ್ಕೆ ತಿರುಗಿದರೆ ಬೀಳಗಿ. ಒಟ್ಟು ಸುಮಾರು ೧೪೦ ಕಿಲೋಮೀಟರು. ಗಂಟೆಗೆ ೧೫೦ ಕಿಲೋಮೀಟರು ವೇಗದಲ್ಲಿ ಒಂದು ಗಂಟೆಯೊಳಗಿನ ಪ್ರಯಾಣ. ತಿಳಿಯಾದ ದಿನದಲ್ಲಿ ಇದು ಕಣ್ಣಳತೆಯ ಹಾರಾಟ. ಕಬ್ಬಿನ ಹಸುರು, ಹೊಳೆಯ ಬೆಳ್ಳಿ, ಊರುಗಳ ಬಿಳುಪು ಇವೇ ದಾರಿ ತೋರಿಸುತ್ತವೆ. ಕೆಲವೇ ಮಾಪಕಗಳಿದ್ದರೂ ನಡೆದುಹೋಗುತ್ತದೆ.

ಆದರೆ ಬೀಳಗಿಯ ಉತ್ತರಕ್ಕೆ ಆಲಮಟ್ಟಿಯ ಹಿನ್ನೀರು ಹರಡಿಕೊಂಡಿದೆ. ಮಬ್ಬು ಕವಿದ ಒಂದು ದಿನ ಆ ನೀರಿನ ಮೇಲೆ ಹೋದರೆ ನೀರೂ ಆಕಾಶವೂ ಒಂದೇ ಬಣ್ಣವಾಗಿ, ಎರಡರ ನಡುವಿನ ಗೆರೆ ಅಳಿಸಿಹೋಗುತ್ತದೆ. ದಿಗಂತವೆಂಬ ಆ ಒಂದು ಗೆರೆಯನ್ನು ನೋಡಿಯೇ ಚಾಲಕನು ತನ್ನ ರೆಕ್ಕೆಗಳು ಸಮವಾಗಿವೆಯೆಂದು ತಿಳಿಯುತ್ತಿದ್ದನು. ಅದು ಮಾಯವಾದರೆ ಏನು ಮಾಡುವುದು? ‘ಮೈಗೆ ಗೊತ್ತಾಗುವುದಿಲ್ಲವೆ?’ ಎಂದು ವಿದ್ಯಾರ್ಥಿಗಳು ಕೇಳಬಹುದು. ಗೊತ್ತಾಗುವುದಿಲ್ಲ ಎಂಬುದೇ ಆಶ್ಚರ್ಯ.

ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ದ್ರವ ಹಿಂದುಳಿದು ನಾಳದೊಳಗಿನ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ. ಮಿದುಳಿಗೆ ‘ತಿರುಗುತ್ತಿದ್ದೇವೆ’ ಎಂಬ ವರ್ತಮಾನ ಹೋಗುತ್ತದೆ. ಆದರೆ ತಿರುವು ಒಂದೇ ಸಮನೆ ಸುಮಾರು ೨೦ ಸೆಕೆಂಡು ನಡೆದರೆ ದ್ರವವೂ ನಾಳದ ಜೊತೆಗೆ ತಿರುಗತೊಡಗುತ್ತದೆ, ರೋಮಗಳು ನೆಟ್ಟಗಾಗುತ್ತವೆ, ತಿರುವು ನಿಂತಿತೆಂದು ಮಿದುಳು ತಿಳಿಯುತ್ತದೆ. ಬಹು ನಿಧಾನವಾದ ತಿರುವಾದರೆ ಅದರ ಸುದ್ದಿ ಮೊದಲಿಗೇ ಬರುವುದಿಲ್ಲ. ಅಷ್ಟರಲ್ಲಿ ವಿಮಾನ ಒಂದು ಪಕ್ಕಕ್ಕೆ ವಾಲಿ, ಮೂತಿಯನ್ನು ತಗ್ಗಿಸಿ, ವೇಗವನ್ನು ಹೆಚ್ಚಿಸಿಕೊಳ್ಳುತ್ತ ಸುರುಳಿಯಾಗಿ ಇಳಿಯುತ್ತಿರುತ್ತದೆ. ಒಳಗೆ ಕುಳಿತವನಿಗೆ ಮಾತ್ರ ಎಲ್ಲವೂ ಸರಿಯಾಗಿದೆಯೆಂಬ ಭಾವನೆ!

೧೯೫೪ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದವರು ಇದನ್ನು ಪರೀಕ್ಷಿಸಿ ನೋಡಿದರು. ಮಾಪಕಗಳನ್ನು ನೋಡಿ ಹಾರುವ ಅಭ್ಯಾಸವಿಲ್ಲದ ೨೦ ಮಂದಿ ಚಾಲಕರನ್ನು ಒಬ್ಬೊಬ್ಬರಾಗಿ ಶಿಕ್ಷಕನೊಡನೆ ಮೇಲಕ್ಕೆ ಕಳುಹಿಸಿ, ಹೊರಗಿನ ನೋಟವನ್ನು ಮರೆಮಾಡಿದರು. ಇಪ್ಪತ್ತು ಮಂದಿಯೂ ವಿಮಾನದ ಹತೋಟಿಯನ್ನು ಕಳೆದುಕೊಂಡರು. ಸರಾಸರಿ ಹಿಡಿದ ಕಾಲ ೧೭೮ ಸೆಕೆಂಡು, ಮೂರು ನಿಮಿಷವೂ ಇಲ್ಲ. ಶಿಕ್ಷಕನು ಜೊತೆಗಿದ್ದುದರಿಂದ ಯಾರಿಗೂ ಕೇಡಾಗಲಿಲ್ಲ.

ಮೈಯನ್ನು ನಂಬಬಾರದು, ಮುಳ್ಳನ್ನು ನಂಬಬೇಕು ಎಂಬುದು ಇದರ ಅರ್ಥ. ಜಿಮ್ಮಿ ಡೂಲಿಟಲ್ ಎಂಬ ಅಮೆರಿಕದ ವೈಮಾನಿಕನು ೧೯೨೯ರ ಸೆಪ್ಟೆಂಬರ್ ೨೪ರಂದು ಆಸನಕ್ಕೆ ಮುಸುಕು ಹಾಕಿಸಿಕೊಂಡು, ಮಾಪಕಗಳನ್ನು ಮಾತ್ರ ನೋಡಿ ಮೇಲೆದ್ದು, ಸುತ್ತಿ, ಮತ್ತೆ ಇಳಿದು ತೋರಿಸಿದ್ದನು. ಅಂದು ಅವನಿಗೆ ನೆರವಾದ ಉಪಕರಣಗಳಲ್ಲಿ ಮೂರು ಇಂದಿಗೂ ಪ್ರತಿಯೊಂದು ಫಲಕದ ಹೃದಯಭಾಗದಲ್ಲಿವೆ: ಕೃತಕ ದಿಗಂತ, ಗೈರೋ ದಿಕ್ಸೂಚಿ, ಸೂಕ್ಷ್ಮವಾದ ಎತ್ತರಮಾಪಕ.

ಬುಗುರಿಯಂತೆ ವೇಗವಾಗಿ ತಿರುಗುವ ಗೈರೋ ತನ್ನ ನಿಲುವನ್ನು ಬಿಟ್ಟುಕೊಡುವುದಿಲ್ಲ. ವಿಮಾನವು ಅದರ ಸುತ್ತ ವಾಲಿದಾಗ ಆ ವಾಲಿಕೆಯೇ ಗಾಜಿನ ಹಿಂದಿನ ಗೆರೆಯಾಗಿ ಕಾಣುತ್ತದೆ. ಕೃತಕ ದಿಗಂತವೆಂದರೆ ಇಷ್ಟೆ: ಕಳೆದುಹೋದ ಹೊರಗಿನ ಗೆರೆಗೆ ಬದಲಾಗಿ ಒಳಗೊಂದು ಗೆರೆ. ಅದಕ್ಕೆ ಫಲಕದಲ್ಲಿ ಸ್ಥಾನವೆಲ್ಲಿ? ಚಾಲಕನ ಮೂಗಿನ ನೇರಕ್ಕೆ, ಫಲಕದ ಮೇಲಿನ ಸಾಲಿನಲ್ಲಿ. ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಅದರ ಎಡಕ್ಕೆ ವೇಗಮಾಪಕ, ಬಲಕ್ಕೆ ಎತ್ತರಮಾಪಕ, ಕೆಳಗೆ ಗೈರೋ ದಿಕ್ಸೂಚಿ. ಈ ನಾಲ್ಕನ್ನೂ ಗೆರೆಯಿಂದ ಜೋಡಿಸಿದರೆ ಇಂಗ್ಲಿಷಿನ ‘ಟಿ’ ಅಕ್ಷರವಾಗುತ್ತದೆ. ವೈಮಾನಿಕರ ಭಾಷೆಯಲ್ಲಿ ಇದು ‘ಮೂಲ ಟಿ’. ಎಡ ಕೆಳಮೂಲೆಗೆ ತಿರುವುಮಾಪಕ, ಬಲ ಕೆಳಮೂಲೆಗೆ ಏರಿಳಿತಮಾಪಕ ಸೇರಿದರೆ ಆರು ಮಾಪಕಗಳ ಕುಟುಂಬ ಪೂರ್ಣವಾಯಿತು.

ಈ ಜೋಡಣೆ ಯಾರೋ ಒಬ್ಬರ ರುಚಿಯಿಂದ ಹುಟ್ಟಿದುದಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞನೂ ಅವನ ಸಂಗಡಿಗರೂ ವಿಮಾನವನ್ನು ಇಳಿಸುತ್ತಿರುವ ಚಾಲಕರ ಕಣ್ಣುಗಳ ಚಲನಚಿತ್ರವನ್ನು ತೆಗೆದು, ದೃಷ್ಟಿ ಯಾವ ಮಾಪಕದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಯಾವುದರಿಂದ ಯಾವುದಕ್ಕೆ ಎಷ್ಟು ಸಲ ಹಾರುತ್ತದೆ ಎಂಬುದನ್ನು ಚೌಕಟ್ಟು ಚೌಕಟ್ಟಾಗಿ ಎಣಿಸಿದರು. ಊರಿನಿಂದ ಬಾವಿಗೆ ಜನ ನಡೆನಡೆದು ಕಾಲುದಾರಿ ಬೀಳುವುದಿಲ್ಲವೆ? ಹಾಗೆ ಫಲಕದ ಮೇಲೆ ಕಣ್ಣುಗಳ ಕಾಲುದಾರಿಗಳಿರುತ್ತವೆ. ಹೆಚ್ಚು ಸವೆದ ದಾರಿಯ ಎರಡು ತುದಿಗಳನ್ನು ಹತ್ತಿರ ಹತ್ತಿರ ಇಡಬೇಕು. ಅಪರೂಪವಾಗಿ ನೋಡುವುದನ್ನು ದೂರವಿಡಬಹುದು. ಫಲಕ ಯೋಜನೆಯ ಬಹುಭಾಗ ಈ ಒಂದು ಮಾತಿನಲ್ಲಿ ಅಡಗಿದೆ.

ಇದೇ ಫಿಟ್ಸ್ ಮತ್ತು ಜೋನ್ಸ್ ಎಂಬವರು ೧೯೪೭ರಲ್ಲಿ ಚಾಲಕರು ಮಾಪಕಗಳನ್ನು ತಪ್ಪಾಗಿ ಓದಿದ ೨೭೦ ಪ್ರಸಂಗಗಳನ್ನು ಕಲೆಹಾಕಿದರು. ಒಂದಕ್ಕಿಂತ ಹೆಚ್ಚು ಮುಳ್ಳುಗಳಿದ್ದ ಎತ್ತರಮಾಪಕ ಅದರಲ್ಲಿ ಕುಖ್ಯಾತಿಯನ್ನು ಪಡೆಯಿತು. ನೂರು ಅಡಿಗೊಂದು ಮುಳ್ಳು, ಸಾವಿರಕ್ಕೊಂದು, ಹತ್ತು ಸಾವಿರಕ್ಕೊಂದು. ಗಡಿಬಿಡಿಯಲ್ಲಿ ಒಂದು ಸಾವಿರ ಅಡಿ ಹೆಚ್ಚಾಗಿ ಓದುವುದು ಸುಲಭ. ಇದರ ಬೆಲೆಯೇನೆಂಬುದನ್ನು ನಮ್ಮ ಬೀಳಗಿಯ ಮೇಲೆಯೇ ಲೆಕ್ಕ ಹಾಕೋಣ. ಆಲಮಟ್ಟಿಯ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ ೫೧೯.೬ ಮೀಟರು, ಅಂದರೆ ಸುಮಾರು ೧,೭೦೫ ಅಡಿ. ಸಮುದ್ರಮಟ್ಟಕ್ಕೆ ಹೊಂದಿಸಿದ ಎತ್ತರಮಾಪಕ ೨,೦೦೦ ಅಡಿ ತೋರಿಸುತ್ತಿದ್ದರೆ ನೀರು ನಮ್ಮ ಕೆಳಗೆ ೩೦೦ ಅಡಿಯೂ ಇಲ್ಲ. ಅದನ್ನು ೩,೦೦೦ ಎಂದು ಓದಿದ ಚಾಲಕನು ನಿಶ್ಚಿಂತೆಯಿಂದ ಇನ್ನು ಐನೂರು ಅಡಿ ಇಳಿಯಲು ಹೊರಟಾನು! ಆದ್ದರಿಂದ ಎತ್ತರಮಾಪಕವನ್ನು ಕೊಳ್ಳುವಾಗ ಸಾವಿರಗಳನ್ನು ಅಂಕೆಯಲ್ಲಿಯೇ ತೋರಿಸುವಂಥದನ್ನು ಆರಿಸಬೇಕೆಂದು ನಮ್ಮ ಅಭಿಪ್ರಾಯ. ಬೆಲೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ.

ಈಗ ಅಳತೆಪಟ್ಟಿಯನ್ನು ಹಿಡಿಯಬಹುದು. ಇಂಥ ಮಾಪಕಗಳಿಗೆ ಬೇಕಾದ ತೂತಿನ ವ್ಯಾಸ ಸುಮಾರು ೮೦ ಮಿಲಿಮೀಟರು. ಅಂಚಿನ ಪಟ್ಟಿಗೂ ತಿರುಪುಗಳಿಗೂ ಎಡೆಬಿಟ್ಟರೆ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ೯ ಸೆಂಟಿಮೀಟರು. ಮೂರು ಮಾಪಕಗಳ ಸಾಲಿಗೆ ೨೭ ಸೆಂಟಿಮೀಟರು, ಎರಡು ಸಾಲಿಗೆ ೧೮. ರೇಡಿಯೋ ಪೆಟ್ಟಿಗೆಯ ಅಗಲ ೧೬. ಎಂಜಿನಿನ ಮಾಪಕಗಳು ಚಿಕ್ಕವು. ೫೭ ಮಿಲಿಮೀಟರಿನ ತೂತುಗಳನ್ನು ಎರಡು ಕಂಬಸಾಲುಗಳಲ್ಲಿ ಇಟ್ಟರೆ ೧೩ ಸೆಂಟಿಮೀಟರು ಬೇಕು. ಒಟ್ಟು ೫೬. ನಮ್ಮ ೬೦ರಲ್ಲಿ ಉಳಿದದ್ದು ನಾಲ್ಕು, ಎರಡು ಅಂಚುಗಳಿಗೆ ಎರಡೆರಡು. ಕಾಗದದ ಮೇಲೆ ಎಲ್ಲವೂ ಹಿಡಿಸಿತು.

ಆದರೆ ಕಾಗದಕ್ಕೆ ಆಳವಿಲ್ಲ. ಗೈರೋ ಇರುವ ಮಾಪಕ ಹಿಂದಕ್ಕೆ ೨೦ ಸೆಂಟಿಮೀಟರಿನಷ್ಟು ಚಾಚಿಕೊಂಡಿರುತ್ತದೆ. ಅದರ ಹಿಂದೆ ಕೊಳವೆಗಳೂ ತಂತಿಗಳೂ ಬಾಗಿ ಹೊರಡಲು ಇನ್ನಷ್ಟು ಜಾಗ ಬೇಕು. ಅಲ್ಲಿ ಚೌಕಟ್ಟಿನ ಅಡ್ಡಪಟ್ಟಿಯೊಂದಿದ್ದರೆ? ಇಂಧನದ ತೊಟ್ಟಿಯಿದ್ದರೆ? ಚಾಲನದಂಡವನ್ನು ಪೂರ್ತಿ ಮುಂದಕ್ಕೆ ತಳ್ಳಿದಾಗ ಬೆರಳ ಗಿಣ್ಣುಗಳು ಫಲಕದ ಕೆಳಅಂಚಿಗೆ ಬಡಿದರೆ? ತಗಡನ್ನು ಕೊರೆದ ಮೇಲೆ ಇದು ಗೊತ್ತಾದರೆ ತಗಡು ಗುಜರಿಗೆ ಹೋಗುತ್ತದೆ. ಸೀರೆಯ ಸೆರಗಿನ ಚಿತ್ತಾರವನ್ನು ಮೊದಲು ಚೌಕುಳಿ ಕಾಗದದ ಮೇಲೆ ಬರೆದು, ಎಳೆ ಎಣಿಸಿ, ಆಮೇಲೆ ಜಕಾರ್ಡಿನ ರಟ್ಟುಗಳಿಗೆ ತೂತು ಹೊಡೆಯುವ ಕುಶಲಕರ್ಮಿಗಳಿಗೆ ಈ ವಿವೇಕವನ್ನು ಹೇಳಿಕೊಡಬೇಕಾಗಿಲ್ಲ.

ಎಂಜಿನಿನ ಮಾಪಕಗಳ ವಿಷಯದಲ್ಲಿ ಒಂದು ಜಾಣತನವಿದೆ. ಎಣ್ಣೆಯ ಒತ್ತಡ, ಎಣ್ಣೆಯ ಕಾವು, ಸಿಲಿಂಡರಿನ ಕಾವು ಇವನ್ನು ಯಾರೂ ಪ್ರತಿ ನಿಮಿಷ ಓದಲಾರರು. ಆದರೆ ಪ್ರತಿಯೊಂದು ಮಾಪಕವನ್ನೂ ಅದರ ತೂತಿನಲ್ಲಿ ಸ್ವಲ್ಪ ತಿರುಗಿಸಿ ಕೂರಿಸಿ, ಎಂಜಿನು ಆರೋಗ್ಯವಾಗಿದ್ದಾಗ ಎಲ್ಲ ಮುಳ್ಳುಗಳೂ ನೆಟ್ಟಗೆ ಮೇಲಕ್ಕೆ ನಿಲ್ಲುವಂತೆ ಮಾಡಿದರೆ, ಓದುವ ಕೆಲಸವೇ ತಪ್ಪುತ್ತದೆ. ಕವಾಯತಿನ ಸಾಲಿನಲ್ಲಿ ಒಬ್ಬನು ಸೊಟ್ಟಗೆ ನಿಂತರೆ ಕಣ್ಣಿಗೆ ತಾನಾಗಿ ಬೀಳುವುದಿಲ್ಲವೆ? ವೇಗಮಾಪಕದ ಬಣ್ಣದ ಕಮಾನುಗಳೂ ಇದೇ ಉದ್ದೇಶದವು. ಹಸುರು ಕ್ಷೇಮ, ಹಳದಿ ಎಚ್ಚರಿಕೆ, ಕೆಂಪು ಗೆರೆ ಎಂದೂ ದಾಟಬಾರದ್ದು. ಬಿಳಿಯ ಕಮಾನು ರೆಕ್ಕೆಯ ಇಳಿಮಡಿಕೆಗಳನ್ನು ಬಿಚ್ಚಬಹುದಾದ ವೇಗ.

ಅಯಸ್ಕಾಂತದ ದಿಕ್ಸೂಚಿಯನ್ನು ಮಾತ್ರ ಈ ಗುಂಪಿಗೆ ಸೇರಿಸಬಾರದು. ಉಕ್ಕಿನ ತಿರುಪೂ ವಿದ್ಯುತ್ತು ಹರಿಯುವ ತಂತಿಯೂ ಅದಕ್ಕೆ ವೈರಿಗಳು. ಅದನ್ನು ಎಲ್ಲದರಿಂದ ದೂರ, ಎದುರುಗಾಜಿನ ಬಳಿ ಮೇಲಕ್ಕೆ ನಿಲ್ಲಿಸಿ, ಹಿತ್ತಾಳೆಯ ತಿರುಪುಗಳಿಂದ ಬಿಗಿಯಬೇಕು.

ಇಷ್ಟೆಲ್ಲ ಮಾಡಿದವರೂ ಒಂದು ಪ್ರಲೋಭನೆಗೆ ಬೀಳುವುದುಂಟು. ಹೊಸದಾಗಿ ಕೊಂಡ ದುಬಾರಿ ಪರದೆಯನ್ನೋ ರೇಡಿಯೋವನ್ನೋ ನಟ್ಟನಡುವೆ ಕೂರಿಸಿ, ಕೃತಕ ದಿಗಂತವನ್ನು ಮೂಲೆಗೆ ತಳ್ಳುತ್ತಾರೆ. ಅತಿಥಿಗೆ ತೋರಿಸಲು ಇದು ಚೆನ್ನ. ಫಲಕವನ್ನು ಅತಿಥಿಗಾಗಿ ಮಾಡುವುದಾದರೆ ಅದನ್ನು ಮನೆಯ ಗೋಡೆಗೇ ತೂಗುಹಾಕಬಹುದಲ್ಲ!

ಇಲ್ಲಿಯವರೆಗೆ ಕಣ್ಣಿನ ಮಾತಾಯಿತು, ಇನ್ನು ಕೈಯದು. ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-೧೭ ಬಾಂಬರುಗಳು ಸುರಕ್ಷಿತವಾಗಿ ನೆಲ ಮುಟ್ಟಿದ ಮೇಲೆ, ಚಾಲಕರು ಇಳಿಮಡಿಕೆಗಳನ್ನು ಮಡಿಸಲು ಹೋಗಿ ಚಕ್ರಗಳನ್ನೇ ಮಡಿಸಿ, ವಿಮಾನವನ್ನು ಹೊಟ್ಟೆಯ ಮೇಲೆ ಕೂರಿಸಿಬಿಡುತ್ತಿದ್ದರು. ಅಜಾಗರೂಕತೆ ಎಂದು ಬೈಯುವುದು ಸುಲಭವಾಗಿತ್ತು. ಆಲ್ಫಾನ್ಸ್ ಚಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞನು ಬೈಯಲಿಲ್ಲ, ಹೋಗಿ ಫಲಕವನ್ನು ನೋಡಿದನು. ಎರಡೂ ಕೆಲಸಗಳ ಹಿಡಿಕೆಗಳು ಅಕ್ಕಪಕ್ಕದಲ್ಲಿದ್ದುವು, ಒಂದೇ ಆಕಾರದಲ್ಲಿದ್ದುವು. ಚಕ್ರದ ಹಿಡಿಕೆಗೆ ರಬ್ಬರಿನ ಪುಟ್ಟ ಚಕ್ರವನ್ನೂ ಇಳಿಮಡಿಕೆಯ ಹಿಡಿಕೆಗೆ ಬೆಣೆಯಾಕಾರದ ತುಂಡನ್ನೂ ಅಂಟಿಸಿದರು; ತಪ್ಪು ನಿಂತುಹೋಯಿತು. ಇಂದಿಗೂ ವಿಮಾನಗಳಲ್ಲಿ ಚಕ್ರದ ಹಿಡಿಕೆ ಚಕ್ರದಂತೆಯೂ ಇಳಿಮಡಿಕೆಯದು ರೆಕ್ಕೆಯಂತೆಯೂ ಇರಬೇಕೆಂಬ ನಿಯಮವುಂಟು. ನಮ್ಮ ಸಣ್ಣ ವಿಮಾನದ ಚಕ್ರಗಳು ಮಡಿಸುವಂಥವಲ್ಲ. ಆದರೆ ಎಂಜಿನಿಗೆ ಬಲ ಕೊಡುವ ಗುಂಡಿಯೂ ಪೆಟ್ರೋಲು-ಗಾಳಿಯ ಮಿಶ್ರಣವನ್ನು ನಿಲ್ಲಿಸುವ ಗುಂಡಿಯೂ ಅಕ್ಕಪಕ್ಕದಲ್ಲಿಯೇ ಬರುತ್ತವೆ. ಮೊದಲನೆಯದು ಕಪ್ಪು, ನುಣುಪು. ಎರಡನೆಯದು ಕೆಂಪು, ಹಲ್ಲುಹಲ್ಲಾದ ಅಂಚಿನದು. ಕತ್ತಲೆಯಲ್ಲಿಯೂ ಬೆರಳಿಗೆ ಭೇದ ತಿಳಿಯಬೇಕು.

ಈಗ ಲಾಂಗ್-ಈಜಿಯ ಬಳಿಗೆ ಹಿಂದಿರುಗೋಣ. ಅದರ ಇಂಧನವು ಎಡಬಲದ ಎರಡು ತೊಟ್ಟಿಗಳಲ್ಲಿರುತ್ತದೆ. ಎರಡರಿಂದಲೂ ಏಕಕಾಲದಲ್ಲಿ ಎಳೆಯುವ ಏರ್ಪಾಡಿಲ್ಲ. ಒಂದು ಬರಿದಾಗುವ ಮೊದಲು ಚಾಲಕನು ಪೆಟ್ರೋಲ್ ಕಾಕನ್ನು ಇನ್ನೊಂದರ ಕಡೆಗೆ ತಿರುಗಿಸಬೇಕು. ರುಟಾನನ ನಕ್ಷೆಯಲ್ಲಿ ಈ ಕಾಕು ಚಾಲಕನ ಎರಡು ಕಾಲುಗಳ ನಡುವೆ, ಕೈಯಿಟ್ಟಲ್ಲಿ ಸಿಕ್ಕುವಂತಿದೆ. ಅಮೆರಿಕದ ಹವ್ಯಾಸಿಯೊಬ್ಬನು ತನ್ನ ಲಾಂಗ್-ಈಜಿಯನ್ನು ಕಟ್ಟುವಾಗ ಪೆಟ್ರೋಲಿನ ಕೊಳವೆ ಚಾಲಕನ ಕೋಣೆಯೊಳಗೆ ಹಾಯುವುದು ಬೇಡವೆಂದು ಕಾಕನ್ನು ಚಾಲಕನ ಎಡ ಭುಜದ ಹಿಂದಕ್ಕೆ ಸಾಗಿಸಿದನು. ಅವನ ಉದ್ದೇಶ ಸುರಕ್ಷತೆಯೇ ಎಂಬುದನ್ನು ಮರೆಯಬಾರದು. ಆದರೆ ಕಾಕಿನ ಮೇಲೆ ಯಾವ ತೊಟ್ಟಿ ಯಾವ ಕಡೆಗೆಂಬ ಗುರುತಿರಲಿಲ್ಲ. ಇಂಧನದ ಮಟ್ಟವನ್ನು ತೋರಿಸುವ ಗಾಜುಗಳೂ ಹಿಂದಿನ ಆಸನದ ಬಳಿ ಇದ್ದುವು; ಅವಕ್ಕೂ ಅಳತೆಯ ಗುರುತಿರಲಿಲ್ಲ.

ಆ ವಿಮಾನವನ್ನು ಮುಂದೆ ಕೊಂಡವನು ಜಾನ್ ಡೆನ್ವರ್, ಜಗತ್ಪ್ರಸಿದ್ಧ ಗಾಯಕ. ಅವನು ಅನುಭವವುಳ್ಳ ಚಾಲಕನಾಗಿದ್ದನು, ಈ ಬಗೆಯ ವಿಮಾನಕ್ಕೆ ಮಾತ್ರ ಹೊಸಬ. ೧೯೯೭ರ ಅಕ್ಟೋಬರ್ ೧೨ರಂದು ಕ್ಯಾಲಿಫೋರ್ನಿಯದ ಮಾಂಟರೇ ನಿಲ್ದಾಣದಲ್ಲಿ ಅವನೂ ಒಬ್ಬ ಯಂತ್ರಜ್ಞನೂ ಆ ಕಾಕು ಕೈಗೆ ಸರಿಯಾಗಿ ಎಟುಕುವುದಿಲ್ಲವೆಂದು ಮಾತನಾಡಿಕೊಂಡರು. ಹಿಡಿಕೆಗೆ ಇಕ್ಕಳವೊಂದನ್ನು ಸಿಕ್ಕಿಸಿ ಉದ್ದ ಮಾಡಲು ನೋಡಿದರು, ಪ್ರಯೋಜನವಾಗಲಿಲ್ಲ. ಇಂಧನವನ್ನು ತುಂಬಿಸದೆಯೇ ಅವನು ಹೊರಟನು. ಸ್ವಲ್ಪ ಹೊತ್ತಿನಲ್ಲಿ ವಿಮಾನ ಸಮುದ್ರಕ್ಕೆ ಬಿತ್ತು, ಡೆನ್ವರ್ ಮಡಿದನು.

ತನಿಖೆ ಮಾಡಿದವರು ಅಂಥದೇ ಆಸನದಲ್ಲಿ ಕುಳಿತು ನೋಡಿದರು. ಕಾಕನ್ನು ಮುಟ್ಟಬೇಕಾದರೆ ಬಲಗೈಯನ್ನು ಚಾಲನದಂಡದಿಂದ ತೆಗೆಯಬೇಕು, ಭುಜದ ಪಟ್ಟಿಯನ್ನು ಸಡಿಲಿಸಬೇಕು, ಮೈಯನ್ನು ಎಡಕ್ಕೆ ಪೂರ್ತಿ ತಿರುಗಿಸಬೇಕು, ಆಮೇಲೆ ಹಿಡಿಕೆಯನ್ನು ತಿರುವಬೇಕು. ಹಾಗೆ ತಿರುಗುವಾಗ ಮೈಗೆ ಆಸರೆಯಾಗಿ ಬಲಗಾಲು ತಾನಾಗಿ ಮುಂದಕ್ಕೆ ಒತ್ತುತ್ತದೆ. ಬಲಗಾಲಿನ ಮುಂದಿರುವುದಾದರೂ ಏನು? ವಿಮಾನವನ್ನು ಬಲಕ್ಕೆ ತಿರುಗಿಸುವ ಚುಕ್ಕಾಣಿಯ ಮೆಟ್ಟು! ಚಾಲಕನ ಗಮನ ಕಾಕಿನ ಕಡೆಗೆ ಹರಿದು, ಮೆಟ್ಟನ್ನು ಅರಿಯದೆ ಒತ್ತಿದ್ದರಿಂದ ಹತೋಟಿ ತಪ್ಪಿತೆಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ನಿರ್ಣಯಿಸಿತು. ಹೊರಡುವ ಮೊದಲು ಇಂಧನವನ್ನು ತುಂಬಿಸದಿದ್ದುದನ್ನೂ ಕಾರಣವೆಂದು ಎಣಿಸಿತು. ಕಾಕಿನ ಸ್ಥಾನವನ್ನು ಬದಲಾಯಿಸಿದ್ದು, ಗುರುತುಗಳಿಲ್ಲದ್ದು, 그 ವಿಮಾನದ ಅಭ್ಯಾಸ ಸಾಲದಿದ್ದುದು ಇವುಗಳನ್ನು ನೆರವಾದ ಕಾರಣಗಳೆಂದಿತು. ಒಂದು ಕಾಕು ಒಂದು ಮೀಟರಿಗಿಂತ ಕಡಮೆ ದೂರ ಸರಿದ ಕಥೆ ಇದು.

ಬೆಂಗಳೂರಿನಲ್ಲಿ ಎಲ್.ಸಿ.ಆರ್.ಎ.ಯ ಅನುಭವ ಮುಂದೆ ಫಲ ಕೊಟ್ಟಿತು. ‘ಹಂಸ’ದ ಮೊದಲ ಮಾದರಿ ೧೯೯೩ರ ನವೆಂಬರಿನಲ್ಲಿ ಹಾರಿತು, ‘ಹಂಸ-೩’ಕ್ಕೆ ೨೦೦೦ದಲ್ಲಿ ಅರ್ಹತಾಪತ್ರ ದೊರೆಯಿತು. ೨೦೨೧ರ ಸೆಪ್ಟೆಂಬರ್ ೩ರಂದು ಹಾರಿದ ‘ಹಂಸ-ಎನ್‌ಜಿ’ಯಲ್ಲಿ ಮುಳ್ಳಿನ ಗಡಿಯಾರಗಳ ಬದಲಿಗೆ ಹೊಳೆಯುವ ಪರದೆಗಳು ಬಂದಿವೆ. ಗೈರೋ ಬುಗುರಿಯ ಕೆಲಸವನ್ನು ಸಣ್ಣ ಎಲೆಕ್ಟ್ರಾನಿಕ್ ಸಂವೇದಕಗಳು ಮಾಡುತ್ತವೆ. ಆದರೆ ಇಂಥ ಪರದೆಯನ್ನು ಗಮನವಿಟ್ಟು ನೋಡಿದರೆ ಹಳೆಯ ಪರಿಚಯಸ್ಥರೇ ಕಾಣುತ್ತಾರೆ: ನಡುವೆ ದಿಗಂತ, ಎಡಕ್ಕೆ ವೇಗದ ಪಟ್ಟಿ, ಬಲಕ್ಕೆ ಎತ್ತರದ ಪಟ್ಟಿ, ಕೆಳಗೆ ದಿಕ್ಕು. ಉಪಕರಣ ಬದಲಾಯಿತು, ಕಣ್ಣು ಬದಲಾಗಲಿಲ್ಲ. ವಿದ್ಯುತ್ತು ಕೈಕೊಟ್ಟರೆ ಪರದೆ ಕಪ್ಪಾಗುವುದರಿಂದ, ಗಾಳಿಯ ಒತ್ತಡದಿಂದಲೇ ನಡೆಯುವ ಒಂದು ವೇಗಮಾಪಕವನ್ನೂ ಒಂದು ಎತ್ತರಮಾಪಕವನ್ನೂ ಪಕ್ಕದಲ್ಲಿ ಕಾಯ್ದಿರಿಸುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ರಟ್ಟಿನ ಫಲಕಕ್ಕೆ ಯಾರ ಅನುಮತಿಯೂ ಬೇಡ. ಜಮಖಂಡಿಯ ಕಾಲೇಜಿನ ವಿದ್ಯಾರ್ಥಿಯೂ ಬೀಳಗಿಯ ಹೈಸ್ಕೂಲಿನ ಹುಡುಗಿಯೂ ಒಂದು ಭಾನುವಾರ ಇದನ್ನು ಮಾಡಿ ನೋಡಬಹುದು. ದಪ್ಪ ರಟ್ಟನ್ನು ೬೦ಕ್ಕೆ ೨೫ ಸೆಂಟಿಮೀಟರು ಕತ್ತರಿಸಿ, ಮಾಪಕಗಳ ಚಿತ್ರಗಳನ್ನು ದುಂಡಗೆ ಕತ್ತರಿಸಿಕೊಂಡು ಗುಂಡುಸೂಜಿಯಿಂದ ಚುಚ್ಚಬೇಕು; ಅಂಟಿಸಬಾರದು, ಏಕೆಂದರೆ ಅವು ಹಲವು ಸಲ ಮನೆ ಬದಲಾಯಿಸುತ್ತವೆ. ಗುಂಡಿಗಳಿಗೆ ಬಾಟಲಿಯ ಮುಚ್ಚಳಗಳು, ಪೆಟ್ರೋಲ್ ಕಾಕಿಗೆ ಒಂದು ಹಳೆಯ ನಲ್ಲಿ. ಹಲಗೆಯನ್ನು ಕುರ್ಚಿಯ ಎದುರಿಗೆ, ಕಣ್ಣಿನಿಂದ ಸುಮಾರು ೭೦ ಸೆಂಟಿಮೀಟರು ದೂರದಲ್ಲಿ ನಿಲ್ಲಿಸಿ, ಸೊಂಟಕ್ಕೂ ಭುಜಕ್ಕೂ ದುಪಟ್ಟಿಯನ್ನು ಬಿಗಿದುಕೊಂಡು, ಬಲಗೈಯಲ್ಲಿ ಚಾಲನದಂಡವೆಂದು ಒಂದು ಕೋಲನ್ನು ಹಿಡಿದು ಕೂಡಬೇಕು. ಗೆಳೆಯನೊಬ್ಬನು ಪಕ್ಕದಲ್ಲಿ ನಿಂತು ಒಂದೊಂದೇ ಹೆಸರನ್ನು ಕೂಗಲಿ: ‘ಎತ್ತರ’, ‘ಮಿಶ್ರಣ’, ‘ಎಣ್ಣೆ’, ‘ಕಾಕು’.

ಮೊದಲು ಕಣ್ಣು ಬಿಟ್ಟು, ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು. ಮಹಾಯುದ್ಧದ ಕಾಲದ ವೈಮಾನಿಕರಿಗೆ ಈ ಪರೀಕ್ಷೆಯಿತ್ತು. ಕಣ್ಣುಕಟ್ಟಿದಾಗಲೂ ಪ್ರತಿಯೊಂದು ಹಿಡಿಕೆಯನ್ನು ತಡವರಿಸದೆ ಮುಟ್ಟಬೇಕಾಗಿತ್ತು. ‘ಕಾಕು’ ಎಂದ ಕೂಡಲೆ ಕೈ ಎಲ್ಲಿಗೆ ಹೋಯಿತು, ಕೋಲು ಅಲುಗಿತೆ, ಭುಜ ತಿರುಗಿತೆ, ಕಾಲು ಏನು ಮಾಡಿತು ಎಂಬುದನ್ನು ಗೆಳೆಯನು ಬರೆದಿಟ್ಟುಕೊಳ್ಳಲಿ. ಕೈ ತಾನಾಗಿ ಹೋದ ಕಡೆಗೆ ನಲ್ಲಿಯನ್ನು ಸರಿಸಿ ಮತ್ತೆ ಕೂಗಿಸಿರಿ. ನಾಲ್ಕೈದು ಸಲ ಹೀಗೆ ಸೂಜಿಗಳನ್ನು ಕಿತ್ತು ಚುಚ್ಚಿದ ಮೇಲೆ, ಇನ್ನು ಕದಲಿಸುವ ಅಗತ್ಯ ಕಾಣದಿದ್ದಾಗ, ರಟ್ಟನ್ನು ತಗಡಿನ ಮೇಲಿಟ್ಟು ತೂತುಗಳ ನಡುಬಿಂದುಗಳನ್ನು ಗುರುತು ಮಾಡಬಹುದು.